ವಕೀಲರ ಪಕ್ಕದಲ್ಲಿ ಇನ್ನೊಂದು ಕುರ್ಚಿ

ಬಡವನಿಗೆ ವಕೀಲನನ್ನು ಒದಗಿಸಿಕೊಡುವುದು ಸರಕಾರದ ಕರ್ತವ್ಯವೆಂಬ ಮಾತು ನಮ್ಮಲ್ಲಿ ಹೊಸತಲ್ಲ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಿಹಾರದ ಸೆರೆಮನೆಗಳಲ್ಲಿ ವಿಚಾರಣೆಯೇ ಇಲ್ಲದೆ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಸಂಗತಿ 1979ರಲ್ಲಿ ಹುಸೇನಾರಾ ಖಾತೂನ್ ಪ್ರಕರಣದ ಮೂಲಕ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ಉಚಿತ ಕಾನೂನು ನೆರವು ಆರೋಪಿಯ ಹಕ್ಕೆಂದು ನ್ಯಾಯಮೂರ್ತಿ ಭಗವತಿಯವರ ಪೀಠ ಸಾರಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ರಚಿತವಾಗಿ, 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಬಂಧನದಲ್ಲಿರುವ ಯಾವನಿಗೇ ಆಗಲಿ, ಅವನ ಆದಾಯವೆಷ್ಟೆಂದು ಕೇಳದೆ ವಕೀಲನನ್ನು ಕೊಡಬೇಕೆಂಬುದು ಈ ಕಾಯಿದೆಯ 12ನೆಯ ಕಲಮಿನ ವಿಧಿ.

ಇಷ್ಟೆಲ್ಲ ಇದ್ದೂ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಕೈದಿಗಳ ಪೈಕಿ 4,34,302 ಮಂದಿ ವಿಚಾರಣಾಧೀನರಾಗಿದ್ದರು. ಹಾಗಾದರೆ ವಕೀಲನೊಬ್ಬನೇ ಸಾಲನೆ? ಸಾಲನು ಎಂಬುದೇ ಈ ಲೇಖನದ ವಾದ.

ವಕೀಲರು ಜಾಮೀನಿಗೆ ಅರ್ಜಿ ಹಾಕುತ್ತಾರೆ, ವಾದಿಸುತ್ತಾರೆ, ಆದೇಶವನ್ನೂ ಪಡೆಯುತ್ತಾರೆ. ಅಲ್ಲಿಗೆ ಅವರ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಆದರೆ ಆ ಆದೇಶ ಬಾಗಿಲು ತೆರೆಸಬೇಕಾದರೆ ಜಾಮೀನುದಾರರು ಬೇಕು. ಅವರ ಹೆಸರಿನಲ್ಲಿ ಭೂಕಂದಾಯದ ರಶೀದಿ ಬೇಕು. ಇಂಥ ದಿನ ಇಂಥ ಕೋರ್ಟಿಗೆ ಬನ್ನಿರೆಂದು ಅವರಿಗೆ ತಿಳಿಸುವವರೊಬ್ಬರು ಬೇಕು. ಇದನ್ನು ಮಾಡುವವರು ಯಾರು? ಗಡಿಭಾಗದ ಹಳ್ಳಿಗಳಲ್ಲಿ ಈ ಕೆಲಸ ಎಷ್ಟೋ ಸಲ ಶಾಲೆಯ ಮಾಸ್ತರರ ಪಾಲಿಗೆ ಬರುತ್ತದೆ. “ಮಾಷ್ಟ್ರೇ, ಇದರಲ್ಲಿ ಎಂತ ಬರೆದಿದ್ದಾರೆ, ಒಮ್ಮೆ ನೋಡಿ” ಎಂದು ಮಲಯಾಳದ ಕಾಗದವೊಂದನ್ನು ಮಡಿಕೆ ಬಿಚ್ಚಿ ಮುಂದಿಟ್ಟ ಮುದುಕರೊಬ್ಬರನ್ನು ನಾನು ಬಲ್ಲೆ. ಅದು ಮಗನಿಗೆ ಜಾಮೀನು ಮಂಜೂರಾದ ಆದೇಶ. ಹೊರಬಿದ್ದು ಹತ್ತೊಂಬತ್ತು ದಿನ ಕಳೆದಿತ್ತು. ಮನೆಯವರೆಲ್ಲ ಅದನ್ನು ಶಿಕ್ಷೆಯ ಕಾಗದವೆಂದು ತಿಳಿದು, ದೇವರ ಪಟದ ಹಿಂದೆ ಇಟ್ಟಿದ್ದರು.

ಭಾಷೆಯ ಈ ತೊಡಕನ್ನು ನ್ಯಾಯಾಲಯಗಳು ಕಾಣದೆ ಇಲ್ಲ. ತಲಶ್ಶೇರಿಯಲ್ಲಿ ವಕೀಲರಾಗಿದ್ದು ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೇರಿದ ವಿ. ಆರ್. ಕೃಷ್ಣ ಅಯ್ಯರ್ ಅವರು 1978ರಲ್ಲಿ ಮೋತಿರಾಮ್ ಎಂಬ ಗಾರೆಕೆಲಸದವನ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಗಡಿನಾಡಿನವರು ವಿಶೇಷವಾಗಿ ನೆನೆಯಬೇಕು. ಆತನಿಗೆ ಹತ್ತು ಸಾವಿರ ರೂಪಾಯಿಯ ಜಾಮೀನು ವಿಧಿಸಿದ್ದ ಮ್ಯಾಜಿಸ್ಟ್ರೇಟರು, ಜಾಮೀನುದಾರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಅವನನ್ನು ತಿರಸ್ಕರಿಸಿದ್ದರು. ಮಲಯಾಳಿಯೋ ಕನ್ನಡಿಗನೋ ದೂರದ ಬಸ್ತಾರಿನಲ್ಲಿ ಬಂಧಿತನಾದರೆ ಅಲ್ಲಿ ಭೂಮಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರಬೇಕೆಂಬರ್ಥದ ಪ್ರಶ್ನೆಯನ್ನು ಆ ತೀರ್ಪಿನಲ್ಲಿ ಕೇಳಲಾಗಿದೆ. ಕನ್ನಡಿಗನ ಹೆಸರು ಅಲ್ಲಿ ಬಂದಿರುವುದು ಉದಾಹರಣೆಗಾಗಿ. ಆದರೆ ಸೊಲ್ಲಾಪುರದಿಂದ ಮುಂಬಯಿಗೆ, ತಾಳವಾಡಿಯಿಂದ ತಿರುಪ್ಪೂರಿಗೆ, ಆದೋನಿಯಿಂದ ಹೈದರಾಬಾದಿಗೆ ಕೂಲಿಗೆ ಹೋಗುವ ಹುಡುಗನಿಗೆ ಅದು ಉದಾಹರಣೆಯಲ್ಲ. ಬಂಧನದ ಕಾರಣಗಳನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿಯೇ ಬರೆದು ಕೊಡಬೇಕೆಂದು 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತು. ಒಳ್ಳೆಯದೇ. ಕಾಗದ ಬಂದ ಮೇಲಿನ ಓಡಾಟ ಮಾತ್ರ ಉಳಿದೇ ಇದೆ.

ಈ ಓಡಾಟವನ್ನೇ ವೃತ್ತಿಯಾಗಿ ಕಲಿತವರು ಸಮಾಜಕಾರ್ಯಕರ್ತರು. ಕೈದಿಯ ಮನೆಗೆ ಹೋಗುವುದು, ಅವನು ಯಾವ ಸೆರೆಮನೆಯಲ್ಲಿದ್ದಾನೆಂದು ತಾಯಿಗೆ ತಿಳಿಸುವುದು, ಪಡಿತರ ಚೀಟಿ ಮತ್ತು ಆಧಾರದ ಪ್ರತಿ ತರುವುದು, ಚಿತ್ತವಿಕಾರವೋ ಕುಡಿತದ ಚಟವೋ ಇದ್ದರೆ ವೈದ್ಯರಿಗೆ ತೋರಿಸುವ ಏರ್ಪಾಡು ಮಾಡುವುದು, ಬಿಡುಗಡೆಯಾದ ಮೇಲೆ ಕೆಲಸ ಹುಡುಕಿಕೊಡುವುದು, ಇವೆಲ್ಲ ಅವರ ದಿನಚರಿ. ಇವುಗಳಲ್ಲಿ ಒಂದನ್ನು ಶಾಲೆಯವನಾದ ನಾನು ಒತ್ತಿ ಹೇಳಲೇಬೇಕು. 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಮಿನಂತೆ, ವಯಸ್ಸಿನ ಬಗ್ಗೆ ಸಂದೇಹ ಬಂದಾಗ ಮೊದಲು ನೋಡಬೇಕಾದ ದಾಖಲೆಗಳಲ್ಲಿ ಶಾಲೆಯ ಜನ್ಮದಿನಾಂಕ ಪತ್ರವೂ ಒಂದು. ಹದಿನೇಳರ ಹುಡುಗನನ್ನು ಹತ್ತೊಂಬತ್ತೆಂದು ಬರೆದುಕೊಂಡು ದೊಡ್ಡವರ ಸೆರೆಮನೆಗೆ ಕಳಿಸಿದ್ದರೆ, ಅವನನ್ನು ಅಲ್ಲಿಂದ ಹೊರಗೆ ತರುವ ಶಕ್ತಿ ಹಳ್ಳಿಯ ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲಿಗೆ ಇದೆ. ಆ ಸಾಲನ್ನು ಕೇಳಿಕೊಂಡು ಶಾಲೆಗೆ ಬರುವವರು ಬೇಕು. ನೂರಾರು ಕಡತಗಳ ನಡುವೆ ಕುಳಿತ ವಕೀಲರಿಗೆ ಇಪ್ಪತ್ತೈದು ಮೈಲಿ ಬಸ್ಸಿನಲ್ಲಿ ಬಂದು ಪುಸ್ತಕ ತಿರುವಿಸಲು ಬಿಡುವೆಲ್ಲಿ?

ಈಗ ಸರಕಾರದ ಯೋಜನೆಯ ಮಾತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2022ರಲ್ಲಿ ‘ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆ’ಯನ್ನು ರೂಪಿಸಿತು. ಹಿಂದೆ ಪಟ್ಟಿಯಲ್ಲಿದ್ದ ಖಾಸಗಿ ವಕೀಲರಿಗೆ ಒಂದೊಂದು ಪ್ರಕರಣ ಹಂಚುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಸರಕಾರಿ ಅಭಿಯೋಜಕರಿಗೆ ಕಚೇರಿಯಿರುವಂತೆಯೇ ಆರೋಪಿಗಳ ಪರವಾಗಿಯೂ ಜಿಲ್ಲೆಗೊಂದು ಕಚೇರಿ. ಅದರಲ್ಲಿ ಮುಖ್ಯ, ಉಪ ಹಾಗೂ ಸಹಾಯಕ ರಕ್ಷಣಾ ವಕೀಲರು ಪೂರ್ಣಕಾಲ ದುಡಿಯುತ್ತಾರೆ. ಆರುನೂರಕ್ಕೂ ಮಿಕ್ಕಿದ ಜಿಲ್ಲೆಗಳಿಗೆ ಇದು ಹಬ್ಬಿತು. ಕೇಂದ್ರ ಸರಕಾರ ಇದಕ್ಕೆ 2023-24ರಿಂದ 2025-26ರವರೆಗಿನ ಮೂರು ವರ್ಷಗಳಿಗೆಂದು 998.43 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ಯೋಜನೆಯ ಸಿಬ್ಬಂದಿಯ ಪಟ್ಟಿಯಲ್ಲಿ ವಕೀಲರಿದ್ದಾರೆ, ಗುಮಾಸ್ತರಿದ್ದಾರೆ, ಸ್ವಾಗತಕಾರರಿದ್ದಾರೆ, ಜವಾನರೂ ಇದ್ದಾರೆ. ಸಮಾಜಕಾರ್ಯಕರ್ತನ ಹುದ್ದೆ ಇಲ್ಲ.

ಅರೆಕಾನೂನು ಸ್ವಯಂಸೇವಕರಿದ್ದಾರಲ್ಲ ಎಂದು ಕೆಲವರು ಹೇಳಬಹುದು. ಅವರಲ್ಲಿ ನಿಷ್ಠಾವಂತರು ಬಹಳ ಮಂದಿ ಇದ್ದಾರೆ. ಆದರೆ ಅವರದು ದಿನದ ಗೌರವಧನದ ಕೆಲಸ, ತರಬೇತಿಯೂ ಕೆಲವೇ ದಿನಗಳದು. ಪ್ರೊಬೇಷನ್ ಅಧಿಕಾರಿಯ ಸ್ಥಾನವಂತೂ ಬೇರೆಯೇ: 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯಂತೆ ಅವರು ವರದಿಯೊಪ್ಪಿಸುವುದು ನ್ಯಾಯಾಲಯಕ್ಕೆ. ಆರೋಪಿ ಅವರ ಮುಂದೆ ಮನಸ್ಸು ಬಿಚ್ಚಿ ಮಾತಾಡುವುದು ಕಷ್ಟ. ಗುಟ್ಟು ಕಾಯುವ ಹೊಣೆಯನ್ನು ಸಾಕ್ಷ್ಯದ ಕಾನೂನು ವಕೀಲರಿಗಲ್ಲದೆ ಅವರ ಗುಮಾಸ್ತರು, ಭಾಷಾಂತರಕಾರರು ಮತ್ತು ನೌಕರರಿಗೂ ಹೊರಿಸಿದೆ. ಆದಕಾರಣ ಸಮಾಜಕಾರ್ಯಕರ್ತನು ರಕ್ಷಣಾ ಕಚೇರಿಯ ಒಳಗಿನವನೇ ಆಗಿರಬೇಕು, ಹೊರಗಿನಿಂದ ಬಂದುಹೋಗುವವನಾಗಬಾರದು ಎಂಬುದು ನನ್ನ ಅಭಿಪ್ರಾಯ.

ಇದು ಎಲ್ಲಿಯೂ ನಡೆಯದ ಪ್ರಯೋಗವೇನಲ್ಲ. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯ ‘ಪ್ರಯಾಸ್’ ಯೋಜನೆಯವರು 1990ರಿಂದ ಸೆರೆಮನೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಈ ಕೆಲಸವನ್ನು ಮಾಡುತ್ತ ಬಂದವರು. ಪುಣೆಯ ಯರವಡಾ ಹಾಗೂ ನಾಗಪುರದ ಸೆರೆಮನೆಗಳಲ್ಲಿ ವಕೀಲರನ್ನೂ ಸಮಾಜಕಾರ್ಯಕರ್ತರನ್ನೂ ಜೊತೆಗೂಡಿಸಿ ದುಡಿಸಿದ ಕಾರ್ಯಕ್ರಮವೂ ನಡೆದಿದೆ. ಅಮೆರಿಕದಲ್ಲಿ ಸರಕಾರಿ ರಕ್ಷಣಾ ವಕೀಲರ ಪದ್ಧತಿ ಹಳೆಯದು. ಲಾಸ್ ಏಂಜಲೀಸ್ ಜಿಲ್ಲೆಯ ಕಚೇರಿ 1914ರಷ್ಟು ಹಿಂದಿನದು. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದಲ್ಲಿ 1997ರಲ್ಲಿ ಆರಂಭವಾದ ಒಂದು ರಕ್ಷಣಾ ಸಂಸ್ಥೆ ವಕೀಲರು ಮತ್ತು ಸಮಾಜಕಾರ್ಯಕರ್ತರು ಒಂದೇ ತಂಡವಾಗಿ ಕೆಲಸ ಮಾಡುವ ಕ್ರಮವನ್ನು ತಂದಿತು. ಹತ್ತು ವರ್ಷಗಳ ಐದು ಲಕ್ಷಕ್ಕೂ ಮಿಕ್ಕಿದ ಪ್ರಕರಣಗಳನ್ನು ತೂಗಿನೋಡಿದ ಅಧ್ಯಯನವೊಂದು 2019ರಲ್ಲಿ ಹೊರಬಂದಿತು. ತಪ್ಪಿತಸ್ಥರೆಂದು ತೀರ್ಪಾಗುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಸೆರೆವಾಸದ ಶಿಕ್ಷೆ ಬೀಳುವ ಸಂಭವ ನೂರಕ್ಕೆ 16ರಷ್ಟೂ, ಶಿಕ್ಷೆಯ ಅವಧಿ ನೂರಕ್ಕೆ 24ರಷ್ಟೂ ಇಳಿದಿತ್ತು. ಸಾರ್ವಜನಿಕರ ಸುರಕ್ಷಿತತೆಗೆ ಇದರಿಂದ ಕುಂದೂ ಬರಲಿಲ್ಲ. ಕಳ್ಳನಿಗೇಕೆ ಇಷ್ಟೊಂದು ಉಪಚಾರ ಎಂದು ಕೇಳುವ ಮಿತ್ರರು ಈ ಕೊನೆಯ ಮಾತನ್ನು ಗಮನಿಸಬೇಕು. ಅವನು ಕಳ್ಳನೆಂದು ಇನ್ನೂ ತೀರ್ಮಾನವಾಗಿಲ್ಲವೆಂಬುದನ್ನೂ.

ಇನ್ನು ಅನುದಾನದ ಅವಧಿಯ ವಿಚಾರ. ಇಂಥ ಕೆಲಸಕ್ಕೆ ಹಣ ಬರುವುದು ಸಾಮಾನ್ಯವಾಗಿ ಎರಡು-ಮೂರು ವರ್ಷಗಳ ಕಂತಿನಲ್ಲಿ. ಮೊಕದ್ದಮೆಯೋ ಅದಕ್ಕಿಂತ ದೀರ್ಘಾಯುಷಿ! ಕಾರ್ಯಕರ್ತನಿಗೆ ಮನೆಯವರ ಪರಿಚಯವಾಗಿ, ಸೆರೆಮನೆಯ ಅಧಿಕಾರಿಗಳ ವಿಶ್ವಾಸ ದೊರೆತು, ಕೆಲಸ ಹದಕ್ಕೆ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹೊಸ ಆದೇಶ ಬರುವವರೆಗೆ ಅವನು ಬೇರೆ ಕೆಲಸ ಹಿಡಿಯುತ್ತಾನೆ. ಅವನೊಡನೆ ಅವನು ಕಲಿತದ್ದೂ ಹೋಗುತ್ತದೆ. ಸಾಕ್ಷರತಾ ಆಂದೋಲನದ ದಿನಗಳನ್ನು ಕಂಡವರಿಗೆ ಇದು ಅಪರಿಚಿತವಲ್ಲ. ರಕ್ಷಣಾ ಕಚೇರಿಗಳ ಅನುದಾನವನ್ನು ಮುಂದುವರಿಸುವ ಪ್ರತಿಯೊಂದು ಆದೇಶದಲ್ಲಿಯೂ ಕನಿಷ್ಠ ಐದು ವರ್ಷಗಳ ಭರವಸೆ, ಕಚೇರಿಗೊಬ್ಬ ಸಮಾಜಕಾರ್ಯಕರ್ತ, ಗಡಿ ಜಿಲ್ಲೆಗಳಲ್ಲಿ ಆತ ಅಲ್ಪಸಂಖ್ಯಾತರ ಭಾಷೆ ಬಲ್ಲವನು, ಇಷ್ಟು ಸೇರಬೇಕು.

2023ರಲ್ಲಿ ಆರಂಭವಾದ ಬಡ ಕೈದಿಗಳ ನೆರವಿನ ಯೋಜನೆ ಈ ಬೇಡಿಕೆಗೆ ಇನ್ನೊಂದು ಬಲ. ವಿಚಾರಣಾಧೀನನ ಜಾಮೀನಿಗೆ 40,000 ರೂಪಾಯಿಯವರೆಗೆ, ಶಿಕ್ಷಿತನ ದಂಡಕ್ಕೆ 25,000 ರೂಪಾಯಿಯವರೆಗೆ ಕೊಡಲು ಆರಂಭದಲ್ಲಿ ಅದರಲ್ಲಿ ಅವಕಾಶವಿತ್ತು. ವರ್ಷಕ್ಕೆ 20 ಕೋಟಿ ಗೊತ್ತುಪಡಿಸಿದರು. ಆದರೆ ಅರ್ಹನನ್ನು ಗುರುತಿಸಿ, ಅವನ ಸ್ಥಿತಿಗತಿಯ ವರದಿ ಬರೆದು, ಜಿಲ್ಲಾ ಸಮಿತಿಯ ಮುಂದಿಡುವ ಕೈ ಇಲ್ಲದಿದ್ದರೆ ಹಣ ಖಜಾನೆಯಲ್ಲಿಯೇ ಉಳಿಯುತ್ತದೆ.

ಅಲ್ಲಿಯವರೆಗೆ ನಮ್ಮ ಕುಟುಂಬಗಳು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಜಾಮೀನು ಮಂಜೂರಾಗಿ ಏಳು ದಿನಗಳೊಳಗೆ ಬಿಡುಗಡೆಯಾಗದಿದ್ದರೆ ಸೆರೆಮನೆಯ ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು 2023ರ ಜನವರಿ 31ರಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿದೆ. ತಿಂಗಳಾದರೂ ಜಾಮೀನು ಪತ್ರ ಒದಗಿಸಲಾಗದಿದ್ದರೆ ನ್ಯಾಯಾಲಯವು ತಾನಾಗಿಯೇ ಷರತ್ತನ್ನು ಸಡಿಲಿಸುವ ವಿಚಾರ ಮಾಡಬಹುದು. ಪ್ರಾಧಿಕಾರದ ಕಚೇರಿ ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿಯೇ ಇರುತ್ತದೆ. 15100 ಎಂಬ ಸಂಖ್ಯೆಗೆ ದುಡ್ಡಿಲ್ಲದೆ ದೂರವಾಣಿ ಮಾಡಬಹುದು. ಹೋಗುವಾಗ ಪ್ರಕರಣದ ಸಂಖ್ಯೆ, ಪೊಲೀಸ್ ಠಾಣೆಯ ಹೆಸರು, ಬಂಧನದ ದಿನಾಂಕ, ಇಷ್ಟನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ. ಹುಡುಗನ ವಯಸ್ಸು ಹದಿನೆಂಟರ ಆಸುಪಾಸಿನದಾಗಿದ್ದರೆ, ದಾರಿಯಲ್ಲಿ ಅವನು ಓದಿದ ಶಾಲೆಗೊಮ್ಮೆ ಬಂದು ಜನ್ಮದಿನಾಂಕದ ಪತ್ರವನ್ನು ಕೇಳಿ ತೆಗೆದುಕೊಳ್ಳಿರಿ.