ಜೂನ್ ಒಂದಕ್ಕೆ ಹುಟ್ಟಿದವರ ಊರು

ಎಂ.ಕೆ. ಹುಬ್ಬಳ್ಳಿಯಲ್ಲಿ ನಾನು ಬಸ್ಸಿಳಿದದ್ದು ಶಾಲೆ ನೋಡಲಿಕ್ಕಲ್ಲ. ಬೆಳಗಾವಿಯಿಂದ ಕಿತ್ತೂರಿಗೆ ಹೋಗುವಾಗ ಹೆದ್ದಾರಿ ಮಲಪ್ರಭೆಯನ್ನು ದಾಟುವುದು ಈ ಊರಿನಲ್ಲಿ. ಹೊಳೆಯೊಳಗಿರುವ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪಕ್ಕೆ ಕೈಮುಗಿದು, ಒಂದು ಚಹಾ ಕುಡಿದು ಮುಂದಿನ ಬಸ್ಸು ಹಿಡಿಯುವುದು ಎಂದುಕೊಂಡಿದ್ದೆ. ಮೆಟ್ಟಿಲ ಮೇಲೆ ಕುಳಿತಿದ್ದ ನಿವೃತ್ತ ಮಾಸ್ತರರೊಬ್ಬರು ಮಾತಿಗೆ ಸಿಕ್ಕರು. ವಯಸ್ಸು ಕೇಳಿದೆ. ನಕ್ಕರು.

“ಖರೇ ವಯಸ್ಸು ಹೇಳ್ಲೋ, ಸಾಲೀ ವಯಸ್ಸು ಹೇಳ್ಲೋ? ಸಾಲ್ಯಾಗ ನಾ ಹುಟ್ಟಿದ್ದು ಜೂನ್ ಒಂದಕ್ಕ್ರಿ. ನಾ ಒಬ್ಬನ ಅಲ್ಲ, ನಮ್ಮ ವರ್ಗದಾಗ ಅರ್ಧಾ ಮಂದಿ ಅವತ್ತ ಹುಟ್ಟ್ಯಾರ.”

ಆ ಮಾತಿಗೆ ಎರಡು ಬಸ್ಸು ತಪ್ಪಿದವು.

ಆಗೆಲ್ಲ ಶಾಲೆ ತೆರೆಯುತ್ತಿದ್ದದ್ದು ಜೂನ್‌ನಲ್ಲಿ. ಹೊಲದ ಕೆಲಸದ ಗಡಿಬಿಡಿಯಲ್ಲಿ ಅಪ್ಪ ಮಗನ ಕೈಹಿಡಿದು ಬರುತ್ತಿದ್ದ. “ಯಾವಾಗ ಹುಟ್ಯಾನ?” ಎಂದರೆ, “ಹೊಳಿ ದಂಡಿ ಮೀರಿ ಬಂದಿತ್ತಲ್ರಿ, ಆ ವರ್ಷ, ಪಂಚಮಿ ಮುಂದ” ಎನ್ನುತ್ತಿದ್ದ. ರಜಿಸ್ಟರಿನಲ್ಲಿ ಹೊಳೆಗೆ ಜಾಗವಿಲ್ಲ, ಪಂಚಮಿಗೂ ಇಲ್ಲ. ಮಾಸ್ತರು ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿತೇ, ಆರು ವರ್ಷ ತುಂಬಿತು. ಆ ಜೂನ್ ಒಂದರಿಂದ ಆರು ವರ್ಷ ಹಿಂದಕ್ಕೆ ಎಣಿಸಿ ತಾರೀಖು ಬರೆದರೆ ಹುಡುಗ ಸರ್ಕಾರದ ಲೆಕ್ಕದಲ್ಲಿ ಹುಟ್ಟಿದಂತಾಯಿತು. ಜಾತಕ ಬರೆಸಿದ ಮನೆಗಳು ಊರಿಗೆ ಎಷ್ಟಿದ್ದಾವು? ಉಳಿದವರಿಗೆಲ್ಲ ಮಾಸ್ತರೇ ಬ್ರಹ್ಮ.

ಈ ತಾರೀಖು ಮನುಷ್ಯನನ್ನು ಕೊನೆತನಕ ಬಿಡುವುದಿಲ್ಲ. ಸರ್ಕಾರಿ ನೌಕರ ತಿಂಗಳ ಒಂದನೇ ತಾರೀಖಿಗೆ ಹುಟ್ಟಿದ್ದರೆ ಅದರ ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು. ಹಾಗಾಗಿ ಮೇ 31 ಬಂತೆಂದರೆ ಕಚೇರಿ ಕಚೇರಿಯಲ್ಲಿ ಶಾಲು, ಹಾರ, ಫೋಟೊ. ಐವತ್ನಾಲ್ಕು ವರ್ಷದ ಹಿಂದೆ ಒಂದೇ ಓಣಿಯಿಂದ ಪಾಟಿಚೀಲ ಹಿಡಿದು ಹೊರಟವರು ಒಂದೇ ಸಂಜೆ ಮನೆಗೆ ಮರಳುತ್ತಾರೆ. ನಮ್ಮ ಮಾಸ್ತರರೂ ಹಾಗೆಯೇ ಮರಳಿದವರು.

ಈ ಭಾಗದ ಐದಾರು ಶಾಲೆಗಳಲ್ಲಿ ದುಡಿದ ಅವರ ಪ್ರಕಾರ ಶಾಲೆಯ ಇತಿಹಾಸ ಇರುವುದು ಗೋಡೆಗೆ ಕೂರಿಸಿದ ಕಲ್ಲಿನಲ್ಲಿ ಅಲ್ಲ, ಮುಖ್ಯಾಧ್ಯಾಪಕರ ಕೋಣೆಯ ಕಬ್ಬಿಣದ ಕಪಾಟಿನಲ್ಲಿ. ಅಲ್ಲಿರುವ ಜನರಲ್ ರಜಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿಗೆ ಸಿಗುವುದು ಒಂದು ಸಾಲು. ಹೆಸರು, ತಂದೆ, ಜಾತಿ, ಹುಟ್ಟಿದ ಊರು, ಹುಟ್ಟಿದ ದಿನ ಅಂಕಿಯಲ್ಲೊಮ್ಮೆ ಅಕ್ಷರದಲ್ಲೊಮ್ಮೆ, ಸೇರಿದ ದಿನ, ನಡತೆ, ಬಿಟ್ಟ ದಿನ, ಬಿಟ್ಟ ಕಾರಣ. ಜಾತಿ ಪ್ರಮಾಣಪತ್ರಕ್ಕೆ, ಪಿಂಚಣಿಗೆ ಜನ ಹುಡುಕಿಕೊಂಡು ಬರುವುದು ಮೊದಲ ಕೆಲವು ಮನೆಗಳಿಗಾಗಿ. ಮಾಸ್ತರರ ಕಣ್ಣಿದ್ದದ್ದು ಕೊನೆಯ ಮನೆಯ ಮೇಲೆ.

“ನಡತೆ ಎಲ್ಲಾರದೂ ‘ಚಲೋ’ ಅಂತ ಬರದಿರ್ತೀವ್ರಿ. ಅದರಾಗ ಏನೂ ತಿಳ್ಯಾಂಗಿಲ್ಲ. ಬಿಟ್ಟ ಕಾರಣ ಓದ್ರಿ, ಊರ ತಿಳೀತದ.”

ಏಳನೆಯದು ಪಾಸಾದವರಿಗೆ ‘ಮುಂದಿನ ಶಿಕ್ಷಣಕ್ಕಾಗಿ’. ದುಡಿಯಲು ಹೋದ ಮನೆಯವರ ಮಕ್ಕಳಿಗೆ ‘ಪರಗಾವಿಗೆ’. ಹೆಣ್ಣುಮಕ್ಕಳ ಸಾಲುಗಳಲ್ಲಿ, ಅವರೇ ಎಷ್ಟೋ ಸಲ ಬರೆದ ಎರಡಕ್ಷರ, ‘ಲಗ್ನ’. ಎಲ್ಲಕ್ಕಿಂತ ಹೆಚ್ಚು ಬಾರಿ ಬರೆದದ್ದು ‘ಸತತ ಗೈರುಹಾಜರಿ’. ಅದರ ಹಿಂದೆ ದನ ಇತ್ತು, ಕೂಸು ಆಡಿಸುವ ಕೆಲಸ ಇತ್ತು, ಊರಿಗೆ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಕಬ್ಬೂ ಇತ್ತು. ರಜಿಸ್ಟರು ಅದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತದೆ.

ಈ ಸಾಲುಗಳ ಹಿಂದಿನ ಕಥೆ ಉದ್ದವಿದೆ. ಎಂ.ಕೆ. ಎಂದರೆ ಮುಗುಟಖಾನ. ಇವತ್ತು ಕಿತ್ತೂರು ತಾಲ್ಲೂಕಿನಲ್ಲಿರುವ ಊರು ಮೊದಲು ಬೈಲಹೊಂಗಲಕ್ಕೆ, ಬ್ರಿಟಿಷರ ಕಾಲದಲ್ಲಿ ಸಂಪಗಾಂವ ತಾಲ್ಲೂಕಿಗೆ ಸೇರಿತ್ತು. 1824ರಲ್ಲಿ ಕಿತ್ತೂರು ಕಂಪನಿಯ ಪಾಲಾದ ಮೇಲೆ ಈ ಸೀಮೆ ಮುಂಬಯಿ ಸರ್ಕಾರದ ಕೈಗೆ ಹೋಯಿತು. ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಲೆಕ್ಕಪತ್ರದ ಬರವಣಿಗೆ ಮೋಡಿ ಲಿಪಿ. ಊರೂರಲ್ಲಿ ಇದ್ದದ್ದು ಗಾಂವಠಿ ಶಾಲೆ. ಮಠದ ಪಡಸಾಲೆಯೋ ಗುಡಿಯ ಕಟ್ಟೆಯೋ ಅದರ ಜಾಗ. ಮರಳಿನ ಮೇಲೆ ಬೆರಳಿನಿಂದ ಓಂಕಾರ ತಿದ್ದಿಸುವುದು, ಸಂಜೆ ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸುವುದು. ಬರೀ ಎರಡೊಂದ್ಲೆ ಎರಡಲ್ಲ; ಪಾವಕಿ, ನಿಮಕಿ, ಸವಾಯಿ, ದೀಡಕಿ, ಅಂದರೆ ಕಾಲು, ಅರ್ಧ, ಒಂದೂಕಾಲು, ಒಂದೂವರೆಯ ಮಗ್ಗಿ. ಸಂತೆಯಲ್ಲಿ ಮೋಸಹೋಗದಿರಲು ಅಷ್ಟು ಸಾಕಿತ್ತು. ಕಲಿಸುವ ಐಗಳಿಗೆ ಸಂಬಳವೆಂದರೆ ಅಮಾವಾಸ್ಯೆ, ಹುಣ್ಣಿಮೆಗೆ ಬರುತ್ತಿದ್ದ ಕಾಳುಕಡಿ. ನಮ್ಮ ಮಾಸ್ತರರು ಈ ಮಗ್ಗಿಗಳನ್ನು ಅಜ್ಜನ ಬಾಯಿಂದ ಕಲಿತವರು. ಮಂಟಪದ ಮೆಟ್ಟಿಲ ಮೇಲೆ ಸವಾಯಿ ಮಗ್ಗಿ ಶುರುಮಾಡಿ ಹದಿಮೂರರತನಕ ಬಂದು, “ಮುಂದಿಂದು ನದ್ಯಾಗ ಹೋತ್ರಿ” ಎಂದರು.

ಸರ್ಕಾರಿ ಶಾಲೆ ಹಳ್ಳಿಗೆ ಬಂದದ್ದು ಸರ್ಕಾರದ ದುಡ್ಡಿನಿಂದಷ್ಟೇ ಅಲ್ಲ. 1863ರ ಸುಮಾರಿಗೆ ಮುಂಬಯಿ ಪ್ರಾಂತದಲ್ಲಿ ಭೂಕಂದಾಯದ ಪ್ರತಿ ರೂಪಾಯಿಗೆ ಒಂದು ಆಣೆ ಲೋಕಲ್ ಫಂಡ್ ಕೂಡಿತು. ಅದರ ಮೂರನೇ ಒಂದು ಪಾಲು ಶಾಲೆಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಕ್ಕೆ. ಜೋಳ ಬೆಳೆದ ರೈತ ತನ್ನ ಮಗ ಓದದಿದ್ದರೂ ಊರ ಶಾಲೆಗೆ ಕೊಟ್ಟ. ನಮ್ಮನ್ನು ಆಳುತ್ತಿದ್ದ ಇಂಗ್ಲೆಂಡು ತನ್ನ ಹಳ್ಳಿಗಳಲ್ಲಿ ತೆರಿಗೆಯ ಹಣದಿಂದ ಶಾಲೆ ನಡೆಸುವ ಕಾನೂನು ಮಾಡಿಕೊಂಡದ್ದು 1870ರಲ್ಲಿ. ಅಲ್ಲಿ 1862ರ ನಿಯಮದಿಂದ ಶಾಲಾ ಮುಖ್ಯಸ್ಥರು ದಿನಚರಿ ಪುಸ್ತಕ ಇಡಬೇಕಾಯಿತು. ಸುಗ್ಗಿಗೆ ಹುಡುಗರು ಬರಲಿಲ್ಲ, ಊರಲ್ಲಿ ದಡಾರ, ಇಂಥವೇ ಟಿಪ್ಪಣಿ. ಇಂದು ಅಲ್ಲಿನವರು ಅವನ್ನು ಜೋಪಾನವಾಗಿಟ್ಟು, ಅವುಗಳಿಂದ ಊರಿನ ಚರಿತ್ರೆ ಬರೆಯುತ್ತಾರೆ.

ಶಾಲೆ ಬಂದರೂ ಯಾವ ಮಾತಿನ ಶಾಲೆ ಎಂಬ ತಂಟೆ ಉಳಿಯಿತು. ಕನ್ನಡದ ಮಕ್ಕಳು ಮರಾಠಿಯಲ್ಲಿ ಓದುತ್ತಿದ್ದ ಕಾಲದಲ್ಲಿ ಶಿಕ್ಷಣಾಧಿಕಾರಿ ರಸೆಲ್ ಅವರ ಬೆಂಬಲದಿಂದ ಕನ್ನಡ ಶಾಲೆಗಳಿಗಾಗಿ ಓಡಾಡಿದವರು ಡೆಪ್ಯುಟಿ ಚನ್ನಬಸಪ್ಪನವರು. 1833ರಲ್ಲಿ ಧಾರವಾಡದಲ್ಲಿ ಹುಟ್ಟಿ 1881ರಲ್ಲಿ ತೀರಿಕೊಂಡ ಈ ಪುಣ್ಯಾತ್ಮರು ಶಾಲೆಗಳ ತಪಾಸಣೆ ಮಾಡಿದರು, ಶಿಕ್ಷಕರನ್ನು ತರಬೇತು ಮಾಡಿದರು, ಶೇಕ್ಸ್‌ಪಿಯರನನ್ನೂ ಕನ್ನಡಕ್ಕೆ ತಂದರು. ಹಳೆಯ ಮಾಸ್ತರರು ತಪಾಸಣೆಗೆ ಬರುವ ಯಾವ ಅಧಿಕಾರಿಯನ್ನಾದರೂ ‘ದೀಪೋಟಿ ಸಾಹೇಬರು’ ಎನ್ನುತ್ತಿದ್ದರು.

ಮುಂದಿನದು ಬೇಗ ಹೇಳಬಹುದು. ಏಳನೆಯದರ ಮುಲ್ಕಿ ಪರೀಕ್ಷೆ ಪಾಸಾದವನು ತಲಾಠಿಯೋ ಮಾಸ್ತರನೋ ಆಗುತ್ತಿದ್ದ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿ ಹೈಸ್ಕೂಲು ಹತ್ತಿರ ಬಂತು; ಅಲ್ಲಿ ಓದುವವರಿಗೆ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಅನ್ನ ಹಾಕಿದರು. 1969ರಲ್ಲಿ ಪಕ್ಕದ ಕಿತ್ತೂರಿನಲ್ಲಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿ ಶಾಲೆ, ಸೈನಿಕ ಶಾಲೆಯ ಶಿಸ್ತಿನದು, ಶುರುವಾಯಿತು. ‘ಲಗ್ನ’ ಎಂದು ಬರೆಯುತ್ತಿದ್ದ ಸೀಮೆಯಲ್ಲೇ ಹುಡುಗಿಯರು ಕುದುರೆ ಹತ್ತಿದರು. ಈ ಶತಮಾನದ ಆರಂಭದಲ್ಲಿ ಶಾಲೆಯಲ್ಲೇ ಬಿಸಿಯೂಟ ಬಂತು, ಅದಕ್ಕೆ ಅಕ್ಷರ ದಾಸೋಹ ಎಂದು ಹೆಸರಿಟ್ಟರು. ಗಂಗಾಂಬಿಕೆಯ ಊರಿನಲ್ಲಿ ಆ ಶಬ್ದದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

“ಊಟ ಬಂದ ಮ್ಯಾಲೆ ಗೈರುಹಾಜರಿ ಬರಿಯೂದು ಕಡಿಮ್ಯಾತ್ರಿ,” ಎಂದರು ಮಾಸ್ತರು. ಆಮೇಲೆ ಸೇತುವೆಯತ್ತ ಕೈತೋರಿಸಿದರು. ಹಳದಿ ಬಸ್ಸೊಂದು ಇಂಗ್ಲಿಷ್ ಶಾಲೆಯ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. “ಈಗ ಬಿಟ್ಟ ಕಾರಣ ಅದ. ನನ್ನ ಮೊಮ್ಮಗನೂ ಅದರಾಗ ಅದಾನ. ಅವನ ಜನ್ಮದಿನ ಖರೇದ ಐತ್ರಿ, ದವಾಖಾನ್ಯಾಗ ಬರಕೊಟ್ಟಾರ.”

ದೂರು ಅವರ ದನಿಯಲ್ಲಿ ಇರಲಿಲ್ಲ. ಚಿಂತೆ ಇದ್ದದ್ದು ಕಪಾಟಿನ ಬಗ್ಗೆ. ಹಳೆಯ ರಜಿಸ್ಟರಿನ ಹಾಳೆ ಮುಟ್ಟಿದರೆ ಅಂಚು ಉದುರುತ್ತದೆ, ಮಳೆಗಾಲದಲ್ಲಿ ತೇವ, ಬೇಸಿಗೆಯಲ್ಲಿ ಒರಲೆ. ಮೋಡಿಯ ಬರಹವಿದ್ದರೆ ಓದಿ ಹೇಳುವವರೂ ಸಿಗುವುದಿಲ್ಲ. ಮಕ್ಕಳು ಕಡಿಮೆಯಾಗಿ ಒಂದು ಶಾಲೆಯನ್ನು ಇನ್ನೊಂದಕ್ಕೆ ಸೇರಿಸಿದಾಗ ಬೆಂಚು, ಪಾತ್ರೆ ಎಣಿಸಿ ಒಯ್ಯುತ್ತಾರೆ. ರಜಿಸ್ಟರು ಗಂಟುಮೂಟೆಯಲ್ಲಿ ಹೋಗುತ್ತದೆ. ಒಂದೊಂದು ಹಾಳೆಯ ಫೋಟೊ ತೆಗೆದಿಡಲು ದೊಡ್ಡ ಖರ್ಚೇನೂ ಬೇಕಿಲ್ಲ. ಊರಿನ ಹಳೆಯ ವಿದ್ಯಾರ್ಥಿಗಳು ನಾಲ್ವರು ಶಾಲೆಯ ಒಪ್ಪಿಗೆ ಪಡೆದು ಕುಳಿತರೆ ಒಂದು ರಜೆಯಲ್ಲಿ ಮುಗಿಯುವ ಕೆಲಸ.

ಮೂರನೇ ಬಸ್ಸು ಬಂತು. ಹತ್ತುವಾಗ ಕೇಳಿದೆ, “ಗುರುಗಳೇ, ನಿಮ್ಮ ಖರೇ ಜನ್ಮದಿನ ಯಾವಾಗ?”

“ಹೊಳಿ ಬಂದ ವರ್ಷ, ಪಂಚಮಿ ಮುಂದ. ಅಷ್ಟ ಹೇಳಿದ್ಲು ನಮ್ಮವ್ವ. ಯಾವ ವರ್ಷದ ಹೊಳಿ ಅಂತ ಕೇಳಬೇಕಿತ್ತು, ಕೇಳಲಿಲ್ಲ.”

ದಾಖಲೆ ತರಲು ನೀವು ನಿಮ್ಮ ಊರ ಶಾಲೆಗೆ ಹೋಗುವ ದಿನ ಬಂದೇ ಬರುತ್ತದೆ. ಸಾಧ್ಯವಾದರೆ ನಿಮ್ಮ ಸಾಲಿನ ಹಿಂದುಮುಂದಿನ ಎರಡು ಸಾಲನ್ನೂ ಓದಿ ಬನ್ನಿ. ನಿಮ್ಮ ಜೊತೆ ಅದೇ ಜೂನ್ ಒಂದಕ್ಕೆ ಹುಟ್ಟಿ, ನಡುವೆಯೇ ಶಾಲೆ ಬಿಟ್ಟವರು ಅಲ್ಲಿದ್ದಾರೆ.