ಕಾಂಡದ ಒಳರಚನೆ: ಹುಣಿಸೆ, ಈಚಲು ಮತ್ತು ಸೈಕಸ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮಳೆ ಕಡಮೆಯಾದ ಸೀಮೆ. ಇಲ್ಲಿ ಒಂದು ಮರವು ಬೆಳೆದು ನೆರಳು ಕೊಡುವುದಕ್ಕೆ ಒಂದು ತಲೆಮಾರೇ ಬೇಕು. ಅದನ್ನು ಕೆಡಿಸುವುದಕ್ಕೆ ಒಂದು ಗಳಿಗೆ ಸಾಕು. ಬದುವಿನ ಹುಣಿಸೆ, ಹಳ್ಳದ ದಂಡೆಯ ಈಚಲು, ತೋಟಗಳಲ್ಲಿ ಅಂದಕ್ಕಾಗಿ ನೆಡುವ ಸೈಕಸ್ ಗಿಡ, ಈ ಮೂರರ ಕಾಂಡಗಳೂ ಒಳಗೆ ಒಂದೇ ಬಗೆಯವಲ್ಲ. ಯಾವ ಗಾಯವನ್ನು ಯಾವುದು ತಾಳೀತೆಂಬುದು ಈ ಒಳರಚನೆಯಿಂದಲೇ ತಿಳಿಯತಕ್ಕದ್ದು.

ಕಾಂಡದಲ್ಲಿ ಎರಡು ದಾರಿಗಳುಂಟು. ಬೇರು ಹೀರಿದ ನೀರು ಒಂದರಲ್ಲಿ ಎಲೆಗೆ ಏರುವುದು. ಎಲೆಯಲ್ಲಿ ಸಿದ್ಧವಾದ ಆಹಾರವು ಇನ್ನೊಂದರಲ್ಲಿ ಬೇರಿಗೆ ಇಳಿಯುವುದು. ಹುಣಿಸೆಯಲ್ಲಿ ನೀರಿನ ದಾರಿ ಕಟ್ಟಿಗೆಯಲ್ಲಿದೆ. ಆಹಾರದ ದಾರಿ ತೊಗಟೆಯ ಒಳಪದರದಲ್ಲಿದೆ. ಇವೆರಡರ ನಡುವಣ ತೆಳುವಾದ ಪದರವು ಒಳಗಡೆ ಹೊಸ ಕಟ್ಟಿಗೆಯನ್ನೂ ಹೊರಗಡೆ ಹೊಸ ತೊಗಟೆಯನ್ನೂ ಕಟ್ಟುತ್ತ ಮರವನ್ನು ದಪ್ಪಗೊಳಿಸುವುದು. ಸುತ್ತಲೂ ತೊಗಟೆಯನ್ನು ಸುಲಿದರೆ ಎಲೆಗಳು ಕೆಲವು ಕಾಲ ಹಸಿರಾಗಿಯೇ ಇರುವುವು. ಬೇರು ಮಾತ್ರ ಉಪವಾಸ ಬೀಳುವುದು, ಕೊನೆಗೆ ಮರವೇ ಒಣಗುವುದು. ದನ ಕಟ್ಟಿದ ಹಗ್ಗದ ಉಜ್ಜಾಟ, ಬೇಲಿಯ ತಂತಿಯ ಬಿಗಿತ, ಇವುಗಳಿಂದಲೂ ಇದೇ ಹಾನಿಯುಂಟು.

ಈಚಲಿನಲ್ಲಿ ಹೀಗಿಲ್ಲ. ಅದರ ಕಾಂಡವನ್ನು ಅಡ್ಡ ಕೊಯ್ದರೆ ನಾರಿನ ಕಟ್ಟುಗಳು ಒಳಗೆಲ್ಲ ಚೆದರಿರುವುದು ಕಾಣುತ್ತದೆ. ಒಂದೊಂದು ಕಟ್ಟಿನಲ್ಲಿಯೂ ಎರಡು ದಾರಿಗಳೂ ಇವೆ. ಆದುದರಿಂದ ಹೊರಮೈ ಕೆತ್ತಿದ ಮಾತ್ರಕ್ಕೆ ಈಚಲು ಸಾಯದು. ಆದರೆ ಗಾಯವನ್ನು ಮುಚ್ಚುವ ಪದರ ಇದಕ್ಕಿಲ್ಲ; ರಸಕ್ಕಾಗಿ ಕೆತ್ತಿದ ಕಚ್ಚು ಎಂದೆಂದಿಗೂ ಉಳಿಯುವುದು. ಬೆಳೆಯುವ ಸುಳಿಯೂ ಒಂದೇ. ಆಳವಾಗಿ ಕೆತ್ತಿ ಸುಳಿ ಕೆಟ್ಟರೆ ಮರ ಹೋಯಿತೆಂದೇ ತಿಳಿಯಬೇಕು.

ಸೈಕಸ್ ನೋಟಕ್ಕೆ ಈಚಲಿನ ಬಂಧುವಿನಂತಿದ್ದರೂ ಹೂಬಿಡುವ ಸಸ್ಯಗಳಿಗಿಂತ ಬಹು ಪುರಾತನವಾದ ವಂಶದ್ದು. ಉದುರಿದ ಎಲೆಗಳ ಬುಡಗಳು ಅದರ ಕಾಂಡಕ್ಕೆ ಕವಚದಂತೆ ಉಳಿದಿರುವುವು. ಅದರೊಳಗೆ ಮೃದುವಾದ ಅಗಲ ಪದರ, ಅದರಾಚೆ ಸಡಿಲವಾದ ಕಟ್ಟಿಗೆಯ ತೆಳುಬಳೆ, ನಟ್ಟನಡುವೆ ಪಿಷ್ಟ ತುಂಬಿದ ದಪ್ಪ ತಿರುಳು. ತಿರುಳಿನಲ್ಲಿಯೂ ಹೊರಪದರದಲ್ಲಿಯೂ ಅಂಟುದ್ರವದ ಕಾಲುವೆಗಳಿವೆ. ಮೊದಲಿನ ಬೆಳೆಯುವ ಪದರವು ಬೇಗನೆ ನಿಂತುಹೋಗಿ ಅದರ ಹೊರಗೆ ಹೊಸ ಪದರಗಳು ಹುಟ್ಟುವುದರಿಂದ ಕಟ್ಟಿಗೆಯ ಬಳೆಗಳು ಹಲವಾಗುವುವು; ಇವುಗಳನ್ನೆಣಿಸಿ ವಯಸ್ಸು ಹೇಳಲಾಗದು. ಎಲೆಗೆ ಹೋಗುವ ಎಳೆಗಳಲ್ಲಿ ಕೆಲವು ಎದುರು ಮಗ್ಗುಲಿನಿಂದ ಹೊರಟು ಕಾಂಡವನ್ನು ಬಳಸಿ ಬಂದು ಎಲೆಯನ್ನು ಸೇರುವುದು ಇದರ ವಿಶೇಷ.

ಗಟ್ಟಿ ಕಟ್ಟಿಗೆ ಕಡಮೆ, ಮೃದುಭಾಗ ಹೆಚ್ಚು. ಆದುದರಿಂದ ನೀರು ನಿಂತ ಕಡೆ ಕಾಂಡ ಕೊಳೆಯುವುದು. ಬೆಳವಣಿಗೆಯೂ ಅತಿ ನಿಧಾನ. ತಿರುಳಿನ ಪಿಷ್ಟವನ್ನು ಹಲವು ದೇಶಗಳವರು ಕಷ್ಟಕಾಲದಲ್ಲಿ ತೊಳೆದು ತಿಂದುದುಂಟು. ಆದರೆ ಗಿಡದಲ್ಲಿ ವಿಷವಿದೆ. ಎಲೆ ಮೇದ ದನಗಳ ಹಿಂಗಾಲುಗಳು ಸ್ವಾಧೀನ ತಪ್ಪುವುವು.

ಬಳ್ಳಾರಿ ಸೀಮೆಯೊಡನೆ 1800ರಲ್ಲಿ ನಿಜಾಮರಿಂದ ಕಂಪೆನಿಯ ಕೈಸೇರಿದ ಕಡಪ ಸೀಮೆಯ ಗುಡ್ಡಗಳಲ್ಲಿ ಸೈಕಸ್ ಬೆಡ್ಡೋಮಿ ಎಂಬ ಜಾತಿಯಿದೆ. ಮದ್ರಾಸಿನ ಅರಣ್ಯಾಧಿಕಾರಿ ಬೆಡ್ಡೋಮರ ನೆನಪಿಗೆ 1883ರಲ್ಲಿ ಈ ಹೆಸರನ್ನಿಟ್ಟರು. ಇಂದು ಅದು ಅಳಿವಿನ ಭಯದಲ್ಲಿದೆ. ಕಾಡಿನಿಂದ ಕಿತ್ತು ಹೊರದೇಶಗಳಿಗೆ ಮಾರುವುದು ಅಂತರರಾಷ್ಟ್ರೀಯ ಒಪ್ಪಂದದಂತೆ ನಿಷಿದ್ಧ.

ಗ್ರಾಮದ ಹಿರಿಯರೂ ಜಮೀನುದಾರರೂ ಇಷ್ಟನ್ನು ಗಮನದಲ್ಲಿಡುವುದು ಲೇಸು. ಹುಣಿಸೆಯ ತೊಗಟೆಯನ್ನು ಸುಲಿಯಗೊಡಬಾರದು. ಬಿಗಿದ ತಂತಿಯನ್ನು ಬಿಚ್ಚಿಸಬೇಕು. ಈಚಲಿನ ಸುಳಿಯನ್ನು ಕಾಯಬೇಕು. ಸೈಕಸನ್ನು ನೀರು ಬಸಿಯುವ ನೆಲದಲ್ಲಿ, ದನಕ್ಕೆ ಎಟುಕದಂತೆ ನೆಡಬೇಕು. ಕಾಡಿನ ಗಿಡವನ್ನು ತಾರದೆ, ಸಾಕಿದ ಗಿಡದ ಬುಡದಲ್ಲೇಳುವ ಮರಿಗಳನ್ನು ಬಿಡಿಸಿ ನಾಟಿ ಮಾಡಬೇಕು. ಕೊಡಲಿಯನ್ನು ಎತ್ತುವ ಮೊದಲು ಕಾಂಡದ ಒಳಗೇನಿದೆಯೆಂದು ನೆನೆದವನ ಬದುವಿನಲ್ಲಿ ಮರ ಉಳಿಯುವುದು.