ನಿಮಗಿದು ಗೊತ್ತೆ? ಗಾಲ್ಫ್ ಪಾಠಕ್ಕೆ ಬೇಸ್‌ಬಾಲ್ ಬೇರು
ಗಾಲ್ಫ್ ಕಲಿಯುವವರು ಕಂಕುಳಲ್ಲಿ ಕರವಸ್ತ್ರ ಸಿಕ್ಕಿಸಿಕೊಂಡು ಚೆಂಡು ಹೊಡೆಯುವುದುಂಟು. ಈ ಅಭ್ಯಾಸದ ಒಂದು ಬೇರು ಬೇಸ್‌ಬಾಲ್ ಅಂಗಳದಲ್ಲಿದೆ!

ನ್ಯೂಯಾರ್ಕ್ ಯಾಂಕೀಸ್ ತಂಡದಲ್ಲಿ ದಿಗ್ಗಜ ಬೇಬ್ ರೂತ್ ಜೊತೆ ಆಡಿದ್ದ ಸ್ಯಾಮ್ ಬರ್ಡ್, ಆಮೇಲೆ ವೃತ್ತಿಪರ ಗಾಲ್ಫ್‌ಗೆ ಬಂದರು. ಸಾಮಾನ್ಯ ಆಟಗಾರರೇನಲ್ಲ, 1945ರ ಪಿಜಿಎ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಖ್ಯಾತ ಗಾಲ್ಫರ್ ಬೈರನ್ ನೆಲ್ಸನ್‌ಗೆ ಎದುರಾಳಿಯಾಗಿದ್ದವರು. ಕಂಕುಳಲ್ಲಿ ಕರವಸ್ತ್ರ ಇಟ್ಟುಕೊಂಡು ಬ್ಯಾಟ್ ಬೀಸುವ ರೂತ್ ಅಭ್ಯಾಸದ ಕಥೆಯನ್ನು ಬರ್ಡ್ ಹೇಳುತ್ತಿದ್ದರು. ಅವರಿಂದ ಕಲಿತ ಜಿಮ್ಮಿ ಬಲಾರ್ಡ್ ಅದನ್ನೇ ‘ಕನೆಕ್ಷನ್’ ಎಂಬ ಹೆಸರಿನಲ್ಲಿ ಗಾಲ್ಫ್ ಪಾಠವಾಗಿ ಬೆಳೆಸಿದರು.

ಗುಟ್ಟು ಸರಳ. ಬಲಗೈ ಆಟಗಾರರ ಎಡ ಮೇಲ್ದೋಳು ಎದೆಗೆ ತಾಗಿದ್ದರೆ ಮೈ ತಿರುಗಿದಂತೆ ತೋಳೂ ತಿರುಗುತ್ತದೆ. ತೋಳು ಬೇರ್ಪಟ್ಟರೆ ಹೊಡೆತದ ಭಾರವೆಲ್ಲ ಕೈಗಳ ಮೇಲೆ ಬಿದ್ದು, ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಕರವಸ್ತ್ರ ಉದುರಿದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

2004ರಲ್ಲಿ ವಿಶ್ವದ ನಂ.1 ಪಟ್ಟಕ್ಕೇರಿದ ಫಿಜಿಯ ವಿಜಯ್ ಸಿಂಗ್ ಕೂಡ ಹೀಗೆಯೇ ಅಭ್ಯಾಸ ಮಾಡುವುದಕ್ಕೆ ಹೆಸರಾದವರು.

ನೀವೂ ಪ್ರಯತ್ನಿಸುವುದಾದರೆ ನೆನಪಿಡಿ: ದೂರ ಹೊಡೆಯುವ ಉದ್ದ ಕೋಲಾದ ಡ್ರೈವರ್‌ನ ಪೂರ್ಣ ಬೀಸಿನಲ್ಲಿ ತೋಳು ಸಹಜವಾಗಿಯೇ ಮೇಲೇಳುತ್ತದೆ. ಹಾಗಾಗಿ ಕರವಸ್ತ್ರವನ್ನು ಒತ್ತಿ ಹಿಡಿಯದೆ, ‘ಐರನ್’ ಎಂಬ ಗಿಡ್ಡ ಕೋಲು ಹಿಡಿದು ಅರ್ಧ ಬೀಸಿನಿಂದ ಶುರುಮಾಡಿ.